ಕಣ್ಣಿಗೆ ಹೊಸ ಕನ್ನಡಕ, ಎದೆಯಲ್ಲಿ ಹಳೇ ದಮ್ಮು

ಮೆಟ್ಟಿಲು ಹತ್ತಲು ಏದುಸಿರು ಬಿಡುವ ಅಜ್ಜನಿಗೆ ಏನು ಮಾಡಿಸಬೇಕು? ಕಣ್ಣಿನ ಆಪರೇಶನ್ ಮಾಡಿಸಿ, ಕಿವಿಗೆ ಮಿಷನ್ ಹಾಕಿಸಿ, ಬೆನ್ನಿಗೆ ಇನ್ನೊಂದು ಮೂಟೆ ಹೇರಿ, "ಈಗ ಬೆಟ್ಟ ಹತ್ತಿ" ಅನ್ನಬೇಕು. ನಮ್ಮ ವಾಯುಪಡೆಯ ಬಾಂಬು ಹಾಕುವ ಯುದ್ಧವಿಮಾನ ಜಾಗ್ವಾರ್‌ಗೆ ಸಿಕ್ಕಿರುವುದು ಇದೇ ಚಿಕಿತ್ಸೆ.

1979ರಲ್ಲಿ ಮನೆಗೆ ಬಂದ ಈ ವಿಮಾನದ ಜಾಣತನವೆಲ್ಲ ತಗ್ಗಿನಲ್ಲಿ ಹಾರುವುದರಲ್ಲಿತ್ತು. ಭೂಮಿ ಗುಂಡಗಿದೆಯಲ್ಲ, ಅದರ ಲಾಭ. 20 ಮೀಟರ್ ಕಂಬದ ಮೇಲಿನ ರಾಡಾರ್‌ಗೆ 10 ಕಿ.ಮೀ. ಎತ್ತರದ ವಿಮಾನ 430 ಕಿ.ಮೀ. ದೂರದಿಂದಲೇ ಕಾಣಬಲ್ಲದು, 60 ಮೀಟರ್ ಎತ್ತರದಲ್ಲಿ ಬರುವುದು ಸುಮಾರು 50 ಕಿ.ಮೀ.ಗೆ ಬರುವವರೆಗೂ ಕಾಣದು. ಗಂಟೆಗೆ 900 ಕಿ.ಮೀ. ವೇಗವಿದ್ದರೆ ಶತ್ರುವಿಗೆ ಉಳಿಯುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು. ಆದರೆ ಶತ್ರು ಈಗ ರಾಡಾರನ್ನೇ ವಿಮಾನಕ್ಕೇರಿಸಿದ್ದಾನೆ. 9 ಕಿ.ಮೀ. ಮೇಲಿನಿಂದ ನೋಡುವವನಿಗೆ ಅದೇ ಜಾಗ್ವಾರ್ 400 ಕಿ.ಮೀ. ಆಚೆಯಿಂದಲೂ ದಿಗಂತದ ಮರೆಯಲ್ಲಿಲ್ಲ. ಕೆಳಗೆ ಹೆಗಲ ಮೇಲಿಟ್ಟು ಹೊಡೆಯುವ ಕ್ಷಿಪಣಿಯವರು ಬೇರೆ ಕಾದಿರುತ್ತಾರೆ. 1991ರ ಕೊಲ್ಲಿ ಯುದ್ಧದ ಮೊದಲ ದಿನಗಳ ಪೆಟ್ಟು ತಿಂದು ಬ್ರಿಟಿಷರ ಟೊರ್ನಾಡೊ ಯುದ್ಧವಿಮಾನಗಳೂ ಮೇಲಕ್ಕೇರಿದ್ದವು.

ಹಾಗಾಗಿ ಈಗಿನ ಪಾಠ: ದೂರ ನಿಲ್ಲು, ಎತ್ತರದಿಂದ ಎಸೆ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜಾಗ್ವಾರ್‌ನಿಂದಲೇ ಪರೀಕ್ಷಿಸಿದ 125 ಕೆ.ಜಿ. ವರ್ಗದ ರನ್‌ವೇ ಒಡೆಯುವ ಬಾಂಬು 100 ಕಿ.ಮೀ. ತೇಲಿ ಹೋಗುತ್ತದೆ. ತೇಲುವ ವಸ್ತುವಿಗೆ ಎತ್ತರವೇ ಪೆಟ್ರೋಲು. ಗುಡ್ಡದ ತಪ್ಪಲಿನಲ್ಲಿ ನಿಂತು ಬಿಟ್ಟರೆ ತಪ್ಪಲಿನಲ್ಲೇ ಬೀಳುತ್ತದೆ.

ಎತ್ತರಕ್ಕೆ ಒಯ್ಯುವವರು ಯಾರು? ಎರಡು ಅಡೂರ್ 811 ಎಂಜಿನ್. ಆಫ್ಟರ್‌ಬರ್ನರ್ (ಎಂಜಿನ್ ಹಿಂಬದಿಯಲ್ಲಿ ಇನ್ನಷ್ಟು ತೈಲ ಸುಡುವ ಒಲೆ) ಹೊತ್ತಿಸಿದರೂ ಒಂದೊಂದಕ್ಕೆ ಸುಮಾರು 8,400 ಪೌಂಡು ನೂಕುಬಲ. ಎರಡೂ ಸೇರಿ ಏಳೂವರೆ ಟನ್ ಚಿಲ್ಲರೆ. ತುಂಬಿದ ವಿಮಾನದ ತೂಕ 15.7 ಟನ್. ಅಂದರೆ ತೂಕದ ಅರ್ಧವೂ ಇಲ್ಲ, ಅದೂ ನೆಲಮಟ್ಟದಲ್ಲಿ. ಅಂಬಾಲಾ ವಾಯುನೆಲೆಯ ಮೇ ತಿಂಗಳ ಬಿಸಿಲಿಗೆ, ಮೇಲಿನ ತೆಳು ಗಾಳಿಗೆ ಇನ್ನೂ ಕುಸಿತ. ಭೂಮಿ ಕೆಳಕ್ಕೆ ಬಾಗಿರುವುದರಿಂದಲೇ ಜಾಗ್ವಾರ್ ನೆಲ ಬಿಡುತ್ತದೆ ಎಂದು ಬ್ರಿಟಿಷ್ ಪೈಲಟ್‌ಗಳೇ ನಗುತ್ತಿದ್ದರು.

ಬೆಂಗಳೂರಿನ ಎಚ್‌ಎಎಲ್ ತನ್ನ ಪಾಲಿನ ಕೆಲಸ ಮಾಡಿದೆ. ಡ್ಯಾರಿನ್-3 ಎಂಬ, ದಾರಿ ತೋರಿ ಗುರಿ ಹಿಡಿಸುವ ಹೊಸ ವ್ಯವಸ್ಥೆ ಜೋಡಿಸಿದ ವಿಮಾನ 2012ರಲ್ಲಿ ಹಾರಿತು: ಹೊಸ ಮಿಷನ್ ಕಂಪ್ಯೂಟರ್, ಮುಳ್ಳಿನ ಮೀಟರುಗಳ ಜಾಗದಲ್ಲಿ ಪರದೆಗಳು. 2018ರಲ್ಲಿ ಮೂತಿಯೊಳಗೆ ವಿದ್ಯುತ್ತಿನಿಂದಲೇ ಕಿರಣ ತಿರುಗಿಸುವ ಇಸ್ರೇಲಿನ ಎಇಎಸ್‌ಎ ರಾಡಾರ್ ಕೂಡ ಬಂತು. ರೆಕ್ಕೆಯ ಮೇಲ್ಗಡೆ ಕೂರುವ, ಶತ್ರು ವಿಮಾನಕ್ಕೆ ಹೊಡೆಯುವ ಅಸ್ರಾಮ್ ಕ್ಷಿಪಣಿ ಬೇರೆ (ಕೆಳಗಿನ ಐದು ಕೊಕ್ಕೆಗಳು ಬಾಂಬಿಗೂ ತೈಲದ ಟ್ಯಾಂಕಿಗೂ ಸಾಲವು, ಶತ್ರು ರಾಡಾರನ್ನು ಗೊಂದಲಗೊಳಿಸುವ ಜ್ಯಾಮರ್ ಪಾಡ್ ನೇತುಹಾಕಿದರೆ ಒಂದು ಬಾಂಬು ಇಳಿಸಬೇಕು). ರಾಡಾರಿಗೆ ಕರೆಂಟು, ತಂಪು ಎರಡೂ ಕೊನೆಗೆ ಬರುವುದು ಆ ಎಂಜಿನ್‌ಗಳಿಂದಲೇ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂದರೆ ಇದೇ. ಇಲ್ಲಿ ಆ ಮಜ್ಜಿಗೆಯಲ್ಲೂ ನಾಲ್ಕು ಜನಕ್ಕೆ ಪಾಲು.

ಎಂಜಿನ್ ಬದಲಿಸಲು ಯಾರಿಗೂ ಹೊಳೆಯಲಿಲ್ಲವೇ? ಹೊಳೆಯಿತು, ವರ್ಷಗಟ್ಟಲೆ ಹೊಳೆಯಿತು. ಎರಡು ಗಂಡುಗಳ ಜಾತಕ ಬಂದಿತ್ತು. ರೋಲ್ಸ್ ರಾಯ್ಸ್ ನಡುವೆಯೇ ಎದ್ದು ಹೋಯಿತು. ಉಳಿದದ್ದು 9,850 ಪೌಂಡು ನೂಕುಬಲದ ಎಂಜಿನ್ ಹಿಡಿದು ನಿಂತ ಹನಿವೆಲ್. ಈಗ ನಿಯಮಕ್ಕೆ ಸಂಕಟ: ಸ್ಪರ್ಧೆ ಬೇಕು, ಸ್ಪರ್ಧಿ ಒಬ್ಬನೇ. ಒಂದೇ ಗಂಡಿನಲ್ಲಿ ಇಬ್ಬರನ್ನು ಹೋಲಿಸಿ ಅಗ್ಗದವನನ್ನು ಆರಿಸುವುದು ಹೇಗೆಂದು ಕಡತ ಧ್ಯಾನಕ್ಕೆ ಕೂತಿತು. ಕಣ್ಣು ಬಿಡುವಷ್ಟರಲ್ಲಿ ಬೆಲೆ ಏರಿತ್ತು. 2019ರಲ್ಲಿ, ಇಷ್ಟು ದುಬಾರಿಯ ಎಂಜಿನ್ ಇಷ್ಟು ಹಳೆಯ ವಿಮಾನಕ್ಕೆ ಯಾಕೆ ಎಂಬ ಜ್ಞಾನೋದಯವಾಗಿ ಯೋಜನೆ ಬಿತ್ತು. ವಿಮಾನ ಹಳೆಯದಾದದ್ದು ಕಡತ ಕಾಯುತ್ತಿದ್ದಾಗ ಎಂಬುದು ಟಿಪ್ಪಣಿಯ ವಿಷಯವಲ್ಲ.

ಬದಲಿಗೆ ಬಿಡಿಭಾಗ. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ, ಒಮಾನ್ 2014ರಲ್ಲಿ ಜಾಗ್ವಾರ್‌ಗೆ ವಿದಾಯ ಹೇಳಿದವು. ಅವರು ಬಿಟ್ಟ ಮೈಗಳಿಂದ ಬೇಕಾದ್ದನ್ನು ಕಳಚಿಕೊಳ್ಳಲು ನಾವು ಹೋದೆವು. ಜೆ.ಸಿ. ರೋಡಿನಲ್ಲಿ ಹಳೇ ಕಾರಿನ ಸ್ಪೇರ್ ಹುಡುಕಿ ಗೊತ್ತಿರುವವರಿಗೆ ಈ ವಿದ್ಯೆ ಹೊಸದಲ್ಲ; ಅಲ್ಲಿ ಪಕ್ಕದ ಅಂಗಡಿಯಾದರೂ ಇರುತ್ತದೆ, ಜಾಗ್ವಾರ್ ಹಾರಿಸುವ ಗಿರಾಕಿ ಜಗತ್ತಿನಲ್ಲಿ ನಾವೊಬ್ಬರೇ.

ಇಷ್ಟಾಗಿ ಒಂದು ಸಮಾಧಾನ. ಶತ್ರುವಿನ ರಾಡಾರ್ ಗುರಿ ಹಿಡಿದ ಕ್ಷಣವೇ ಪೈಲಟ್‌ನ ಕಿವಿಯಲ್ಲಿ ಎಚ್ಚರಿಕೆ ಗುಂಯ್‌ಗುಡುತ್ತದೆ, ಪರದೆ ದಿಕ್ಕು ತೋರಿಸುತ್ತದೆ. ತಪ್ಪಿಸಿಕೊಳ್ಳಲು ಆತ ಆಫ್ಟರ್‌ಬರ್ನರ್‌ಗೆ ಕೈ ಹಾಕುತ್ತಾನೆ. ಎತ್ತರ ಕಾಯ್ದುಕೊಳ್ಳಲು ಅದು ಆಗಲೇ ಉರಿಯುತ್ತಿರುತ್ತದೆ.