ಚಿತ್ರಾನ್ನಕ್ಕೆ ಚುಚ್ಚಿದ ಥರ್ಮಾಮೀಟರ್

ಜುಲೈ ತಿಂಗಳು, ಅಮೆರಿಕದ ಒಂದು ಊರಹಬ್ಬ. ಕನ್ನಡ ಸಂಘದ ಮಳಿಗೆಗೆ ಬಂದ ಆರೋಗ್ಯ ಇಲಾಖೆಯವರು ಚಿತ್ರಾನ್ನದ ಟ್ರೇಗೆ ಥರ್ಮಾಮೀಟರ್ ಚುಚ್ಚಿದರು: 46 ಡಿಗ್ರಿ ಸೆಲ್ಸಿಯಸ್. ಯಾವಾಗ ಮಾಡಿದ್ದೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಇಡೀ ಟ್ರೇ ಕಸಕ್ಕೆ ಹೋಯಿತು. ಅನ್ನ ಚೆಲ್ಲಿಸಿದರಲ್ಲ ಎಂದು ಸ್ವಯಂಸೇವಕರಿಗೆಲ್ಲ ಹೊಟ್ಟೆ ಉರಿಯಿತು. ಆದರೆ ಚೆಲ್ಲಿಸಿದ್ದೇ ಸರಿ.

ಅನ್ನ ಬೆಂದರೂ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಉಳಿದಿರುತ್ತವೆ. ಉಗುರುಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ವಿಷ ಬಿಟ್ಟರೆ, ಆಮೇಲೆ ಎಷ್ಟು ಕಾಯಿಸಿದರೂ ಹೋಗದು. ಮೂಗಿಗೂ ನಾಲಿಗೆಗೂ ತಿಳಿಯದು. ನಿಂಬೆಹಣ್ಣು ಹಿಂಡಿದ್ದೇವಲ್ಲ ಅನ್ನುವವರಿದ್ದಾರೆ. ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಬಿದ್ದ ಹುಳಿಯನ್ನು ನಂಬಿಕೊಳ್ಳುವಂತಿಲ್ಲ. ಅದಕ್ಕೇ ಇಲ್ಲಿ ಬಿಸಿಯದು 57 ಡಿಗ್ರಿಗಿಂತ ಇಳಿಯಬಾರದು, ತಣ್ಣನೆಯದು 5 ಡಿಗ್ರಿ ದಾಟಬಾರದು.

ತಪ್ಪುವುದು ಹೆಚ್ಚಾಗಿ ಚೇಫಿಂಗ್ ಡಿಶ್‌ನಲ್ಲಿ, ಅಂದರೆ ಕೆಳಗೆ ಬಿಸಿನೀರಿನ ತಟ್ಟೆ, ಅದರಡಿ ಸಣ್ಣ ಉರಿ ಇರುವ ಬಡಿಸುವ ಪಾತ್ರೆಯಲ್ಲಿ. ಅದು ಇದ್ದ ಬಿಸಿಯನ್ನು ಉಳಿಸುವ ಪಾತ್ರೆ, ಬಿಸಿ ಮಾಡುವ ಒಲೆಯಲ್ಲ. ಫ್ರಿಜ್‌ನಲ್ಲಿ ತಣ್ಣಗಿಟ್ಟಿದ್ದನ್ನು ಒಲೆಯ ಮೇಲೆ 74 ಡಿಗ್ರಿಗೆ ಕಾಯಿಸಿಯೇ ಅದಕ್ಕೆ ಸುರಿಯಬೇಕು, ಕೆಳಗಿನ ತಟ್ಟೆಗೆ ಕುದಿಯುವ ನೀರನ್ನೇ ಹಾಕಬೇಕು, ಮುಚ್ಚಳ ತೆಗೆದಿಡಬಾರದು. ಗಾಳಿಗೆ ಕೆಳಗಿನ ಉರಿ ಆರಿದ್ದು ಎಷ್ಟೋ ಸಲ ಗಮನಕ್ಕೇ ಬರುವುದಿಲ್ಲ. ಮೊಸರನ್ನದ ಅನ್ನವನ್ನು ಎರಡಿಂಚಿಗಿಂತ ದಪ್ಪವಾಗದಂತೆ ಹರಡಿ, ಎರಡು ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕು. ಟ್ರೇ ಕೆಳಗಷ್ಟೇ ಐಸ್ ಇಟ್ಟರೆ ಸಾಲದು, ಸುತ್ತಲೂ ಮೊಸರನ್ನದ ಮಟ್ಟದವರೆಗೆ ತುಂಬಬೇಕು. ಕೈತೊಳೆಯುವ ನೀರಿನ ಡಬ್ಬಿಯ ನಲ್ಲಿ, ಒತ್ತಿ ಹಿಡಿಯದೆ ತಾನೇ ತೆರೆದಿರುವಂಥದ್ದಾಗಬೇಕು. ಇಲ್ಲದಿದ್ದರೆ ಎರಡೂ ಕೈ ಉಜ್ಜುವುದು ಹೇಗೆ?

ನಮ್ಮೂರಲ್ಲಿ ಶುಚಿಯೆಂಬುದು ಅಡುಗೆಯವರ ಮೇಲಿನ ನಂಬಿಕೆ. ಸ್ನಾನ ಆಗಿದೆ, ಮಡಿಯಲ್ಲಿದ್ದಾರೆ, ಕೈಗುಣ ಚೆನ್ನಾಗಿದೆ. ಇದನ್ನು ಮಾಡಿ ಎಷ್ಟು ಹೊತ್ತಾಯಿತು ಎಂದು ಭಟ್ಟರನ್ನು ಕೇಳಿದರೆ ಅವಮಾನ ಮಾಡಿದಂತೆ. ಬೆಳಿಗ್ಗೆ ಕಲಸಿದ ಕೋಸಂಬರಿ ತೇರು ನಿಲ್ಲುವವರೆಗೂ ಬಿಸಿಲಲ್ಲಿ ಕೂತಿರುತ್ತದೆ, ಅದನ್ನೇ ಮಕ್ಕಳ ಕೈಗೆ ಹಾಕುತ್ತೇವೆ. ಈ ಉದಾಸೀನ ನನಗೆ ಸಹಿಸಲಾಗದು. ಬ್ಯಾಕ್ಟೀರಿಯಾಗೆ ಮಡಿ ತಿಳಿಯುವುದಿಲ್ಲ.

ಆದರೂ ಒಂದು ಮಾತು ಒಪ್ಪಲೇಬೇಕು. ಸಂತರ್ಪಣೆಯಲ್ಲಿ ಅನ್ನ ಕಾಯುತ್ತ ಕೂರುವುದಿಲ್ಲ. ಕೊಪ್ಪರಿಗೆಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಎಲೆಗೆ. ಒಂದು ಪಂಕ್ತಿ ಏಳುವಷ್ಟರಲ್ಲಿ ಮುಂದಿನದಕ್ಕೆ ಅನ್ನ ಬಸಿದಿರುತ್ತದೆ. ಆ ಪಂಕ್ತಿಯ ಲೆಕ್ಕವನ್ನೇ ಮಳಿಗೆಗೂ ತರಬಹುದು. ನೀರು ತುಸು ಕಡಿಮೆಯಿಟ್ಟು ಉದುರುದುರಾಗಿ ಮಾಡಿದ ಅನ್ನಕ್ಕೆ ಎಣ್ಣೆ ಸವರಿ ಬಿಸಿಬಿಸಿಯಾಗಿ ಮುಚ್ಚಿಡಿ. ಒಗ್ಗರಣೆ ಬೇರೆ ಇರಲಿ. ಎರಡೆರಡು ಕಿಲೋ ಮಾತ್ರ ಕಲಸಿ, ಕಲಸಿದ ಹೊತ್ತನ್ನು ಟ್ರೇ ಮೇಲೆ ಬರೆದು ಅಂಟಿಸಿ.