ನಾಳೆ ಗೆಲ್ಲಲು ಇವತ್ತು ಬೇಕಂತಲೇ ಸೋಲಬಹುದಾ?

ಪರ: ಹೇಗಿದ್ದರೂ ಸೋಲುವವರು ಲೆಕ್ಕ ಹಾಕಿ ಸೋಲಲಿ

2011ರ ಡಿಸೆಂಬರ್‌ನಲ್ಲಿ ಜೆಫ್ ಲುನೋ ಅಮೆರಿಕದ ಹ್ಯೂಸ್ಟನ್ ಆಸ್ಟ್ರೋಸ್ ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್, ಅಂದರೆ ಆಟಗಾರರನ್ನು ಆರಿಸಿ ತಂಡ ಕಟ್ಟುವವರು, ಆದರು. ತಂಡ ಆಗಲೇ ಮುಳುಗಿತ್ತು. ಆ ವರ್ಷ 162 ಆಟಗಳಲ್ಲಿ 106 ಸೋಲು. ಇಂಥ ತಂಡಕ್ಕೆ ಇಬ್ಬರು ದುಬಾರಿ ಆಟಗಾರರನ್ನು ತಂದರೆ ಏನಾಗುತ್ತದೆ? 106ರ ಬದಲು 95 ಸೋಲಬಹುದು. ದುಡ್ಡೂ ಹೋಯಿತು, ಪ್ಲೇಆಫ್ ಕೂಡ ಇಲ್ಲ.

ಲುನೋ ಮಾರುಕಟ್ಟೆಯ ದೊಡ್ಡ ಹೆಸರುಗಳಿಗೆ ಕೈ ಹಾಕದೆ ಡ್ರಾಫ್ಟ್ ಕಡೆ ನೋಡಿದರು. ಇದು ಐಪಿಎಲ್ ಹರಾಜಿನ ಹಾಗಲ್ಲ. ಹೈಸ್ಕೂಲು, ಕಾಲೇಜಿನ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಆಗಿನ ನಿಯಮದಲ್ಲಿ ಎಲ್ಲರಿಗಿಂತ ಜಾಸ್ತಿ ಸೋತವರಿಗೇ ಮೊದಲ ಸರದಿ. ಪ್ರತಿ ಸರದಿಗೂ ಇಷ್ಟು ಬೋನಸ್ ಅಂತ ನಿಗದಿ ಇರುತ್ತದೆ, ಒಬ್ಬನಲ್ಲಿ ಉಳಿಸಿದ್ದನ್ನು ಇನ್ನೊಬ್ಬನಿಗೆ ಕೊಡಬಹುದು.

2012ರಲ್ಲಿ ಮೊದಲ ಸರದಿಗೆ ನಿಗದಿಯಾಗಿದ್ದು 72 ಲಕ್ಷ ಡಾಲರ್. ಲುನೋ ಪೋರ್ಟೊ ರಿಕೊದ 17ರ ಹುಡುಗ ಕಾರ್ಲೋಸ್ ಕೊರೆಯಾನನ್ನು ಆರಿಸಿ 48 ಲಕ್ಷಕ್ಕೆ ಒಪ್ಪಿಸಿದರು. ಉಳಿದ ದುಡ್ಡಿನ ಬಲದಲ್ಲಿ 41ನೇ ಸರದಿಯಲ್ಲಿ ಲ್ಯಾನ್ಸ್ ಮೆಕಲರ್ಸ್ ಎಂಬ ಪಿಚರ್‌ಗೆ (ಚೆಂಡೆಸೆಯುವವನಿಗೆ) 25 ಲಕ್ಷ ಕೊಟ್ಟರು. ಅದು ಆ ಸರದಿಯ ನಿಗದಿಗಿಂತ ಹತ್ತಿರಹತ್ತಿರ ಎರಡು ಪಟ್ಟು. 2017ರಲ್ಲಿ ಲೀಗ್ ಫೈನಲ್‌ನಲ್ಲಿ ಯಾಂಕೀಸ್ ತಂಡದ ವಿರುದ್ಧದ ನಿರ್ಣಾಯಕ ಏಳನೇ ಆಟ ಮುಗಿಸಿದ್ದು ಇದೇ ಹುಡುಗ, ಕೊನೆಯ 24 ಎಸೆತವೂ ಬಾಗಿ ಬೀಳುವ ಕರ್ವ್‌ಬಾಲ್! ಕೊರೆಯಾ ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಜಾಗದಲ್ಲಿದ್ದ. ಅದೇ ವರ್ಷ ಆಸ್ಟ್ರೋಸ್ ಮೊದಲ ಸಲ ಲೀಗ್‌ನ ಕಪ್, ಅಂದರೆ ವರ್ಲ್ಡ್ ಸೀರೀಸ್ ಗೆದ್ದಿತು.

ಚಿಕಾಗೊ ಕಬ್ಸ್ ಕೂಡ ಇದೇ ದಾರಿ ಹಿಡಿಯಿತು. 2012ರಲ್ಲಿ 101 ಸೋಲು, ಮರುವರ್ಷ ಎರಡನೇ ಸರದಿಯಲ್ಲಿ ಕ್ರಿಸ್ ಬ್ರಯಂಟ್, 2016ರಲ್ಲಿ 108 ವರ್ಷಗಳ ನಂತರ ಕಪ್.

ವಿರೋಧ: ಗೆದ್ದದ್ದು ಸೋಲಿನಿಂದಲ್ಲ

ಕಥೆ ಚೆನ್ನಾಗಿದೆ, ಆದರೆ ಪಟ್ಟಿ ಬಿಡಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. 2017ರಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಆಟಗಾರ ಆಸ್ಟ್ರೋಸ್‌ನ ಹೊಸೆ ಆಲ್ಟುವೆ. ತೀರಾ ಗಿಡ್ಡ ಅಂತ ಆಯ್ಕೆ ಶಿಬಿರದಿಂದ ವಾಪಸ್ ಕಳಿಸಿದ್ದ ವೆನೆಜುವೆಲಾದ ಈ ಹುಡುಗನನ್ನು ಆಸ್ಟ್ರೋಸ್ ಕೊನೆಗೆ 15,000 ಡಾಲರ್‌ಗೆ ತೆಗೆದುಕೊಂಡಿದ್ದು 2007ರಲ್ಲಿ. ಅದೇ ತಂಡದ ಪಿಚರ್ ಡಲ್ಲಾಸ್ ಕೈಕಲ್ 2009ರ ಡ್ರಾಫ್ಟ್‌ನ ಏಳನೇ ಸುತ್ತಿನವನು. ಜಾರ್ಜ್ ಸ್ಪ್ರಿಂಗರ್ 2011ರ ಡ್ರಾಫ್ಟ್‌ನವನು. ಮೂವರೂ ಲುನೋಗಿಂತ ಮೊದಲೇ ಬಂದವರು.

ಇನ್ನು ಮೊದಲ ಸರದಿಗಳು. 2013ರ ಮಾರ್ಕ್ ಅಪೆಲ್ ಹ್ಯೂಸ್ಟನ್ ಪರ ಒಂದೂ ಮೇಜರ್ ಲೀಗ್ ಆಟ ಆಡಲಿಲ್ಲ. 2014ರ ಬ್ರೇಡಿ ಏಕನ್ ಸಹಿಯನ್ನೇ ಹಾಕಲಿಲ್ಲ. ಅದಕ್ಕೆ ಪರಿಹಾರವಾಗಿ ಸಿಕ್ಕ ಸರದಿಯಲ್ಲಿ, ಮುಂದೆ ಕಪ್ ಗೆದ್ದ ತಂಡದಲ್ಲಿದ್ದ ಅಲೆಕ್ಸ್ ಬ್ರೆಗ್ಮನ್ ಬಂದ. ಇದನ್ನು ಅದೃಷ್ಟ ಅನ್ನಬೇಕು, ಯೋಜನೆ ಅಂದರೆ ನಗು ಬರುತ್ತದೆ.

ನನಗೆ ಹೆಚ್ಚು ಕಾಡುವುದು ಆಸ್ಟ್ರೋಸ್‌ನಲ್ಲೇ ಇದ್ದ ಜೆ.ಡಿ. ಮಾರ್ಟಿನೆಜ್ ವಿಷಯ. 2013ರ ಸೀಸನ್ ಮುಗಿದ ಮೇಲೆ ಅವನು ಬ್ಯಾಟ್ ಬೀಸುವ ರೀತಿಯನ್ನೇ ಬದಲಿಸಿಕೊಂಡು ಬಂದ. 2014ರ ಅಭ್ಯಾಸ ಪಂದ್ಯಗಳಲ್ಲಿ 18 ಸಲ ಬ್ಯಾಟ್ ಮಾಡಲು ಬಿಟ್ಟು, ಮಾರ್ಚ್‌ನಲ್ಲಿ ತಂಡದಿಂದ ತೆಗೆದರು. ಬದಲಿಗೆ ಒಬ್ಬ ಆಟಗಾರನೂ ಸಿಗಲಿಲ್ಲ, ಸುಮ್ನೆ ಕಳಿಸಿದ್ದು. ಅದೇ ವರ್ಷ ಡೆಟ್ರಾಯಿಟ್ ಪರ ಅವನು 23 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದ, 2017ರಲ್ಲಿ ಡೆಟ್ರಾಯಿಟ್, ಅರಿಜೋನಾ ಎರಡೂ ಸೇರಿ 45. ಐದು ವರ್ಷದಾಚೆಯ ತಂಡ ಕಟ್ಟುವವರಿಗೆ ಕಣ್ಣೆದುರು ಬದಲಾದ ಆಟಗಾರ ಕಾಣಲಿಲ್ಲ. ಸೋಲು ಪರವಾಗಿಲ್ಲ ಅಂತ ಒಪ್ಪಿಕೊಂಡ ಆಫೀಸಿನಲ್ಲಿ ಇವತ್ತಿನ ಆಟವನ್ನು ಯಾರು ಗಮನವಿಟ್ಟು ನೋಡುತ್ತಾರೆ, ಹೇಳಿ?

ಊರಿನವರೂ ನೋಡಲಿಲ್ಲ. 2013ರಲ್ಲಿ 111 ಸೋಲು, ಅದರಲ್ಲಿ ಕೊನೆಯ 15 ಸಾಲಾಗಿ. ಆ ಸೆಪ್ಟೆಂಬರ್‌ನ ಒಂದು ಆಟಕ್ಕೆ ಹ್ಯೂಸ್ಟನ್‌ನಲ್ಲೇ ಟಿವಿ ರೇಟಿಂಗ್ 0.0 ಬಂತು. (ಚಾನೆಲ್ ಎಷ್ಟೋ ಮನೆಗಳಿಗೆ ತಲುಪುತ್ತಿರಲಿಲ್ಲ ಅನ್ನುವುದೂ ನಿಜ. ಆದರೂ ಸೊನ್ನೆ ಅಲ್ವಾ!) ಎದುರಾಳಿ ತನ್ನ ಪಿಚರ್‌ಗೆ ಕೊಡುವ ಸನ್ನೆಯನ್ನು ಕದ್ದು ನೋಡಿದ ಹಗರಣ 2017ರ ಕಪ್‌ಗೂ ಅಂಟಿತು, 2020ರಲ್ಲಿ ಲುನೋ ಕೆಲಸವೂ ಹೋಯಿತು. ಅದು ಬೇರೆ ಪಾಪ, ಇಲ್ಲಿ ಎಳೆಯುವುದು ಬೇಡ.

ಕೊನೆಗೆ ಲೀಗ್‌ಗೂ ಸಾಕಾಯಿತು. ಈಗ ಮೊದಲ ಆರು ಸರದಿಗೆ ಲಾಟರಿ. ದೊಡ್ಡ ಆದಾಯದ ತಂಡಕ್ಕೆ ಸಾಲಾಗಿ ಎರಡು ವರ್ಷ ಆ ಲಾಟರಿಯಲ್ಲಿ ಸರದಿ ಸಿಗುವುದಿಲ್ಲ. 2024ರಲ್ಲಿ ಚಿಕಾಗೊ ವೈಟ್ ಸಾಕ್ಸ್ 121 ಆಟ ಸೋತಿತು. ಬೇಕಂತ ಸೋತಿತೋ, ಆಡಲಾಗದೆ ಸೋತಿತೋ, ಈ ನಿಯಮದಿಂದಾಗಿ ಮುಂದಿನ ಡ್ರಾಫ್ಟ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೇ ಸರದಿ.