ವಾಲಗಕ್ಕೆ ಕುಣಿಯುವ ಕಾಲಿಗೆ ಟಿನಾರಿವೆನ್ ದೂರವಲ್ಲ

ಪ್ರೋಗ್ ರಾಕ್, ಅಂದರೆ ಉದ್ದುದ್ದ ಹಾಡುಗಳ, ತಾಳದ ಕಗ್ಗಂಟುಗಳ ರಾಕ್ ಸಂಗೀತದ ಹುಚ್ಚು ಹತ್ತಿದವರನ್ನು ಗುರುತಿಸುವುದು ಸುಲಭ. ಹಾಡು ಶುರುವಾಗಿ ಹತ್ತು ಸೆಕೆಂಡಿನೊಳಗೆ ತಾಳದ ಮಾತ್ರೆ ಎಣಿಸುತ್ತ ಬೆರಳು ಮಡಚತೊಡಗುತ್ತಾರೆ. ಪಿಂಕ್ ಫ್ಲಾಯ್ಡ್‌ನ ‘ಮನಿ’ ಏಳು, ಗಿಟಾರ್ ಸೋಲೋ ಬಂದಾಗ ನಾಲ್ಕು; ಜೆನೆಸಿಸ್‌ನ ‘ಸಪ್ಪರ್ಸ್ ರೆಡಿ’ಯ ಆ ಆರ್ಗನ್ ಸೋಲೋ ಒಂಬತ್ತು. ಲೆಕ್ಕ ಸಿಕ್ಕರೆ ಹಾಡೇ ಸಿಕ್ಕಂತೆ. ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಇಂಥವರೊಬ್ಬರನ್ನು ಮದುವೆ ಮಂಟಪದಲ್ಲಿ ನೋಡಿ. ವಾಲಗ ಎದ್ದ ಕೂಡಲೇ ಕೈ ಮೇಲೆ ಹೋಗುತ್ತದೆ, ಮೊಣಕಾಲು ಸಡಿಲವಾಗುತ್ತದೆ, ಒಂದೇ ನಡೆಗೆ ಗಂಟೆಗಟ್ಟಲೆ ಕುಣಿಯುತ್ತಾರೆ. ಒಂದು ಬೆರಳೂ ಮಡಚುವುದಿಲ್ಲ.

ಮನೆಗೆ ಹೋಗಿ ಹೆಡ್‌ಫೋನ್ ಹಾಕಿದ ಮೇಲೆ ಅದೇ ಮನುಷ್ಯ ಕೇಳುವ ಪ್ರಶ್ನೆ: ಪ್ರೋಗ್ ಬಿಟ್ಟು ಬೇರೆ ಏನು ಕೇಳಲಿ? ಉತ್ತರ ಹುಡುಕುವುದು ಮತ್ತೆ ಲೆಕ್ಕದಲ್ಲೇ. ಐದರ ತಾಳ ಎಂದು ಜಾಝ್‌ನ ಡೇವ್ ಬ್ರೂಬೆಕ್, ಹನ್ನೊಂದು ಹದಿಮೂರು ಎಂದು ಇನ್ಯಾವುದೋ ಮ್ಯಾಥ್ ರಾಕ್. ಇದು ಬೇಲಿ ದಾಟಿದ್ದಲ್ಲ, ಬೇಲಿಯನ್ನೇ ನಾಲ್ಕು ಅಡಿ ಆಚೆ ಸರಿಸಿದ್ದು. ಕೊಡಗಿನವರು ತಲೆಯನ್ನು ಕೇಳುವ ಮೊದಲು ಕಾಲನ್ನು ಕೇಳಬೇಕು ಎನ್ನುವುದು ನನ್ನ ಅನಿಸಿಕೆ.

ನಾನಿರುವ ತ್ರಿಶೂರಿನಲ್ಲಿ ಕೇಳುವ ರೀತಿ ಬೇರೆ. ಇಲ್ಲಿ ಪಂಚಾರಿ ಎಂಬ ಚೆಂಡೆಮೇಳ ಎಂದರೆ ಜನ ನಿಂತು ಕೈಯಲ್ಲಿ ತಾಳ ಹಾಕುತ್ತ ಕೇಳುತ್ತಾರೆ. ಪಂಚಾರಿಯ ಮೂಲ ಆರು ಅಕ್ಷರ. ಆದರೆ ಶುರುವಾಗುವುದು ತೊಂಬತ್ತಾರರಲ್ಲಿ: ಮೊದಲ ಕಾಲದ, ಅಂದರೆ ಮೊದಲ ಘಟ್ಟದ, ಒಂದು ಆವರ್ತ 96 ಅಕ್ಷರ, ಮುಂದಿನದು 48, ಆಮೇಲೆ 24, 12, ಕೊನೆಗೆ 6. ಒಂದೊಂದು ಕಾಲಕ್ಕೂ ಅಳತೆ ಅರ್ಧ, ಓಟ ಹೆಚ್ಚು. ವೀಕ್ಕನ್ ಚೆಂಡೆ ಮತ್ತು ಇಲತ್ತಾಳ ಎಂಬ ಕಂಚಿನ ತಾಳ ಲೆಕ್ಕ ಹಿಡಿದಿರುತ್ತವೆ, ಉರುಟ್ಟು ಚೆಂಡೆ ಅದರ ಮೇಲೆ ನುಡಿ ಕಟ್ಟುತ್ತದೆ, ಕುಳಲು ಮತ್ತು ಕೊಂಬು ಅದನ್ನು ಹಿಗ್ಗಿಸುತ್ತವೆ. ಒಂದು ಕಾಲ ಮುಗಿಯುವ ಹೊತ್ತು ಬಂತೆಂದು ಗುಂಪಿಗೆ ಮೊದಲೇ ಗೊತ್ತು. ಸಾವಿರ ಕೈ ಒಟ್ಟಿಗೆ ಮೇಲೇಳುತ್ತವೆ. ಇಲ್ಲಿನ ಪೂರಂ ಉತ್ಸವದ ಇಲಂಜಿತ್ತರ ಮೇಳವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಮುನ್ನಡೆಸಿದ ಪೆರುವನಂ ಕುಟ್ಟನ್ ಮಾರಾರ್ ಹೆಸರು ಇಲ್ಲಿ ಆಟೋ ಓಡಿಸುವವರಿಗೂ ಗೊತ್ತು. ಪ್ರೋಗ್ ಕೇಳುವವನಿಗೆ ಇದು ತವರುಮನೆ ಇದ್ದಂತೆ. ಯೆಸ್ ಬ್ಯಾಂಡ್‌ನ ‘ಕ್ಲೋಸ್ ಟು ದಿ ಎಡ್ಜ್’ (1972) ಹದಿನೆಂಟು ಚಿಲ್ಲರೆ ನಿಮಿಷದಲ್ಲಿ ನಾಲ್ಕು ಭಾಗ ಮಾಡುತ್ತದೆ. ಪಂಚಾರಿ ಐದು ಭಾಗಕ್ಕೆ ಕೆಲವು ಗಂಟೆಯನ್ನೇ ತೆಗೆದುಕೊಳ್ಳುತ್ತದೆ.

ಆದರೆ ತ್ರಿಶೂರಿನಲ್ಲಿ ಯಾರೂ ಕುಣಿಯುವುದಿಲ್ಲ. ಕೈ ಆಡುತ್ತದೆ, ಕಾಲು ನೆಟ್ಟಿರುತ್ತದೆ. ಕೊಡಗಿನಲ್ಲಿ ತದ್ವಿರುದ್ಧ. ವಾಲಗದ ನಡೆಯೂ ಆರೇ, ಆದರೆ ಅದನ್ನು ಯಾರೂ ಆರು ಎನ್ನುವುದಿಲ್ಲ. ಮೂರು ಮೂರು ಎಂದು ತೂಗಿದರೂ ಸರಿ, ಎರಡು ಎರಡು ಎರಡು ಎಂದು ಹೆಜ್ಜೆ ಇಟ್ಟರೂ ಸರಿ. ಭುಜ ಒಂದನ್ನು ಹಿಡಿದರೆ ಪಾದ ಇನ್ನೊಂದನ್ನು ಹಿಡಿಯುತ್ತದೆ. ಇದನ್ನು ಪುಸ್ತಕ ಓದಿ ಕಲಿಯಲು ಹೊರಟ ಡ್ರಮ್ಮರ್‌ಗೆ ತಿಂಗಳುಗಳು ಬೇಕು. ಕೊಡಗಿನಲ್ಲಿ ಐದು ವರ್ಷದ ಮಗು ಮಾಡುತ್ತದೆ.

ಹಾಗಾಗಿ ನನ್ನ ಮೊದಲ ಹೆಸರು ಟಿನಾರಿವೆನ್. ಸಹಾರಾದ ತುವಾರೆಗ್ ಜನರ ಬ್ಯಾಂಡ್, 1979ರ ಸುಮಾರಿಗೆ ಇಬ್ರಾಹಿಂ ಅಗ್ ಅಲ್ಹಬೀಬ್ ಮತ್ತು ಗೆಳೆಯರು ಕಟ್ಟಿದ್ದು. ಹೊರಜಗತ್ತಿಗೆ ಮೊದಲು ತಲುಪಿದ ಆಲ್ಬಂ ಮಾಲಿ ದೇಶದ ಕಿಡಾಲ್‌ನ ಒಂದು ರೇಡಿಯೊ ಕೇಂದ್ರದಲ್ಲಿ ಮುದ್ರಿಸಿದ್ದು, 2001ರಲ್ಲಿ ಬಂತು. ‘ತಸ್ಸಿಲಿ’ಗೆ 2012ರಲ್ಲಿ ಗ್ರ್ಯಾಮಿ ಸಿಕ್ಕಿತು. ಇವರ ಹಲವು ಹಾಡುಗಳ ನಡೆ ಒಂಟೆ ನಡೆದಂಥ ತೂಗಾಟ. ಚಪ್ಪಾಳೆ ಒಂದು ಕಡೆ ಎಳೆಯುತ್ತದೆ, ಗಿಟಾರ್ ಇನ್ನೊಂದು ಕಡೆ. ಒಬ್ಬ ಒಂದು ಸಾಲು ಹಾಡುತ್ತಾನೆ, ಗುಂಪು ಉತ್ತರಿಸುತ್ತದೆ. ದುಡಿ ಬಾರಿಸುತ್ತ ಹಾಡುವ ಕೊಡವರ ದುಡಿಕೊಟ್ಟ್ ಪಾಟ್ ಕೇಳಿ ಬೆಳೆದವರಿಗೆ, ಇಬ್ಬರು ಎತ್ತಿದ ಸಾಲನ್ನು ಇನ್ನಿಬ್ಬರು ಪಡೆಯುವ ಆ ಕ್ರಮ ಬಲ್ಲವರಿಗೆ, ಇದನ್ನು ವಿವರಿಸಬೇಕಾಗಿಲ್ಲ. ಪ್ರೋಗ್ ಕಿವಿ ಇಲ್ಲಿ ಎಡವುವುದು ಒಂದೇ ಜಾಗದಲ್ಲಿ: ಎರಡು ನಿಮಿಷವಾದರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಾಗಲಿಲ್ಲವಲ್ಲ ಎಂದು ಕಾಯುತ್ತದೆ. ಬದಲಾಗುವುದಿಲ್ಲ. ಕಾರ್ಡ್ ಬಿಟ್ಟು ಎರಡನೇ ಗಿಟಾರ್‌ನ ಕೆಳತಂತಿಯನ್ನಷ್ಟೇ ಹಿಡಿಯಿರಿ. ಅದು ಶ್ರುತಿಪೆಟ್ಟಿಗೆಯ ಕೆಲಸ ಮಾಡುತ್ತಿದೆ ಎಂದು ತಿಳಿದ ಕೂಡಲೇ ಉಳಿದದ್ದೆಲ್ಲ ರಾಗದ ಹಾಗೆ ಕೇಳುತ್ತದೆ.

ಇದೇ ರೋಗ ಜರ್ಮನಿಯ ಕ್ಯಾನ್ ಬ್ಯಾಂಡ್ ಕೇಳುವಾಗಲೂ ಕಾಡುತ್ತದೆ. 1971ರ ‘ಟಾಗೊ ಮಾಗೊ’ದಲ್ಲಿ ‘ಹಲ್ಲೆಲೂವಾ’ ಎಂಬ ಹದಿನೆಂಟು ನಿಮಿಷದ ಹಾಡಿದೆ. ಹದಿನೆಂಟು ನಿಮಿಷ ಎಂದ ಕೂಡಲೇ ಪ್ರೋಗ್‌ನವನಿಗೆ ಬಾಯಲ್ಲಿ ನೀರು. ನಾಲ್ಕನೇ ನಿಮಿಷಕ್ಕೆ ‘ಇನ್ನೂ ಅದೇ ಬೀಟಾ?’ ಎಂದು ನಿಲ್ಲಿಸುತ್ತಾನೆ. ಸೂಟ್, ಅಂದರೆ ಭಾಗ ಭಾಗವಾಗಿ ಕಟ್ಟಿದ ಕೃತಿ, ಎಂದುಕೊಂಡು ಕೇಳಿದರೆ ಹಾಗೇ ಆಗುವುದು. ಅಲ್ಲಿ ಯಾಕಿ ಲೀಬೆಟ್ಸೈಟ್‌ನ ಡ್ರಮ್ ಕದಲದ ಕಂಬ. ಸುತ್ತ ಇರುವವರು ಬಂದು ಹೋಗುತ್ತಾರೆ, ಹೋಲ್ಗರ್ ಚುಕೈ ಟೇಪ್ ಕತ್ತರಿಸಿ ಅಂಟಿಸಿದ ಜಾಗದಲ್ಲಿ ಇಡೀ ಕೋಣೆಯೇ ಬದಲಾಗುತ್ತದೆ. ಮೊದಲ ಸಲ ಕೇಳುವಾಗ ಡ್ರಮ್ ಒಂದನ್ನೇ ಕೊನೆಯವರೆಗೆ ಹಿಡಿಯಿರಿ, ಎರಡನೇ ಸಲ ಬಾಸ್. ಮೂರನೇ ಸಲಕ್ಕೆ ಹಾಡು ಚಿಕ್ಕದಾಯಿತು ಅನಿಸುತ್ತದೆ. ನೈಜೀರಿಯಾದ ಫೆಲಾ ಕುಟಿಯ ‘ಜೋಂಬಿ’ಗೂ ಇದೇ ಉಪಾಯ. ಹನ್ನೆರಡು ನಿಮಿಷದ ಹಾಡಿನಲ್ಲಿ ಫೆಲಾ ಬಾಯಿ ತೆರೆಯುವ ಹೊತ್ತಿಗೆ ಐದು ನಿಮಿಷ ಕಳೆದಿರುತ್ತದೆ. ಅಷ್ಟರವರೆಗೆ ಡ್ರಮ್ಮರ್ ಟೋನಿ ಆಲೆನ್‌ನ ನಾಲ್ಕು ಕೈಕಾಲು ನಾಲ್ಕು ಬೇರೆ ಮಾತಾಡುವುದನ್ನು ಕೇಳಬೇಕು.

ಲೆಕ್ಕ ಬಿಟ್ಟರೆ ಜೀವ ಹೋಗುತ್ತದೆ ಎನ್ನುವವರಿಗೆ ಒಂದು ಸಣ್ಣ ತಿಂಡಿ: ಸ್ಟ್ರಾಂಗ್ಲರ್ಸ್. ಪಂಕ್ ಗುಂಪಿನ ಜೊತೆ ಎದ್ದು ಬಂದವರು. ಇವರ ‘ಗೋಲ್ಡನ್ ಬ್ರೌನ್’ನ ಆರಂಭದ ಹಾರ್ಪ್ಸಿಕಾರ್ಡ್ ಪದವನ್ನು ಬಾಯಲ್ಲಿ ಹೇಳಿ ನೋಡಿ: ತಕಿಟ ತಕಿಟ ತಕಿಟ ತಕದಿಮಿ. ಮೂರು ಮೂರು ಮೂರು ನಾಲ್ಕು, ಒಟ್ಟು ಹದಿಮೂರು. ಮೂರು ಸಲ ವಾಲ್ಟ್ಸ್ ತೂಗಿ ನಾಲ್ಕನೇ ಸಲಕ್ಕೆ ಒಂದು ಮಾತ್ರೆ ಹೆಚ್ಚು ಸೇರಿಸಿ ಮುಗ್ಗರಿಸುವಂತೆ ಮಾಡುತ್ತಾರೆ. ಹಾಡುಗಾರಿಕೆ ಶುರುವಾದಾಗ ಆ ಹೆಚ್ಚುವರಿ ಮಾತ್ರೆ ಇರುವುದಿಲ್ಲ. ಕೈಯಲ್ಲಿ ತಾಳ ಹಾಕಿಕೊಂಡೇ ಕೇಳುತ್ತಿದ್ದರೆ ಅಲ್ಲಿ ತಪ್ಪುತ್ತದೆ, ತಪ್ಪಲೆಂದೇ ಹಾಗೆ ಮಾಡಿದ್ದು. ಕೋಟಿ ಜನ ಇದನ್ನು ಪಾಪ್ ಹಾಡೆಂದು ಗುನುಗಿದ್ದಾರೆ, ಹದಿಮೂರು ಎಂದು ಯಾರಿಗೂ ಗೊತ್ತಾಗದೆ. ‘ನೋಡಿ ನಮ್ಮ ಹದಿಮೂರು’ ಎಂದು ಎದೆ ತಟ್ಟಿಕೊಳ್ಳುವ ಪ್ರೋಗ್ ಬ್ಯಾಂಡ್‌ಗಳಿಗಿಂತ ಈ ಕಳ್ಳತನ ನನಗೆ ಹೆಚ್ಚು ಇಷ್ಟ.

ಪೊಲೀಸ್ ಬ್ಯಾಂಡ್ ಇನ್ನೊಂದು ಹಿಂಬಾಗಿಲು. ಡ್ರಮ್ಮರ್ ಸ್ಟೂವರ್ಟ್ ಕೋಪ್ಲೆಂಡ್ ಮೊದಲು ನುಡಿಸಿದ್ದು ಕರ್ವ್ಡ್ ಏರ್ ಎಂಬ ಪ್ರೋಗ್ ಬ್ಯಾಂಡ್‌ನಲ್ಲಿ. ಗಿಟಾರಿಸ್ಟ್ ಆ್ಯಂಡಿ ಸಮ್ಮರ್ಸ್ 1968ರಲ್ಲಿ ಸ್ವಲ್ಪ ಕಾಲ ಸಾಫ್ಟ್ ಮೆಷಿನ್ ಜೊತೆಗಿದ್ದವರು. ಮೂವರಲ್ಲಿ ಇಬ್ಬರು ನಮ್ಮವರೇ. ಇವರು ಜಮೈಕಾದ ರೆಗ್ಗೆಯಿಂದ ತಂದ ಪಾಠ ಸಮದ ಪೆಟ್ಟನ್ನು ಬಿಡುವುದು. ಬಾಬ್ ಮಾರ್ಲಿಯ ಡ್ರಮ್ಮರ್ ಕಾರ್ಲ್ಟನ್ ಬ್ಯಾರೆಟ್ ಹೆಸರುವಾಸಿ ಮಾಡಿದ ‘ಒನ್ ಡ್ರಾಪ್’ನಲ್ಲಿ ಒಂದನೇ ಮಾತ್ರೆ ಖಾಲಿ, ಭಾರವೆಲ್ಲ ಮೂರನೆಯದರ ಮೇಲೆ. ಸಮಕ್ಕೆ ಕಾದು ಕೂತ ಕಿವಿಗೆ ಮೆಟ್ಟಿಲು ತಪ್ಪಿದ ಹಾಗಾಗುತ್ತದೆ. ಒಂದಕ್ಕೆ ಉಸಿರು ಒಳಗೆ, ಮೂರಕ್ಕೆ ಹೊರಗೆ. ಐದು ನಿಮಿಷದಲ್ಲಿ ಕೂರುತ್ತದೆ.

‘ಶಕ್ತಿ’ ಬ್ಯಾಂಡ್‌ನ ಹೆಸರು ಯಾಕೆ ಬರಲಿಲ್ಲ ಎಂದು ಕೇಳುವಿರಿ. ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ನುಡಿಸಿದ್ದನ್ನು ಯಾರು ಬೇಡ ಎನ್ನುತ್ತಾರೆ? ಹೊಸ ರೂಪದ ಶಕ್ತಿಗೆ 2024ರಲ್ಲಿ ಗ್ರ್ಯಾಮಿಯೂ ಬಂತು. ಆದರೆ ಅದು ಪ್ರೋಗ್ ಪ್ರಿಯನಿಗೆ ಮನೆಯ ಪಾಯಸ. ವೇಗ ಇದೆ, ಲೆಕ್ಕ ಇದೆ, ಒಂದೇ ನುಡಿಯನ್ನು ಮೂರು ಸಲ ಹೇಳಿ ಮುಗಿಸುವ ತಿಹಾಯಿ ಇದೆ. ಅವನು ಮೊದಲೇ ಮೆಚ್ಚುವುದೆಲ್ಲ ಇದೆ. ಹೊರಗೆ ಹೋಗಬೇಕೆಂದವನು ಅಲ್ಲಿ ಕೂತುಬಿಡುತ್ತಾನೆ.

ಹೊರಗಿನಿಂದ ಒಳಗೆ ದಾರಿ ತೋರಿಸುವ ಬ್ಯಾಂಡ್ ಟಾಕಿಂಗ್ ಹೆಡ್ಸ್. 1980ರ ‘ರಿಮೇನ್ ಇನ್ ಲೈಟ್’ ಬಹಾಮಾಸ್‌ನ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ನಿರ್ಮಾಪಕ ಬ್ರಯನ್ ಈನೋ ಜೊತೆ ಪದರ ಪದರವಾಗಿ ಕಟ್ಟಿದ್ದು. ಹಾಡುಗಳಲ್ಲಿ ಕಾರ್ಡ್ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅದರ ಮೇಲೆ ಹುಚ್ಚು ಗಿಟಾರ್ ಸುರಿದವನು ಏಡ್ರಿಯನ್ ಬಿಲ್ಯೂ. ಮರುವರ್ಷ ಅದೇ ಬಿಲ್ಯೂ ಪ್ರೋಗ್ ಬ್ಯಾಂಡ್ ಕಿಂಗ್ ಕ್ರಿಮ್ಸನ್ ಸೇರಿ ‘ಡಿಸಿಪ್ಲಿನ್’ ಮಾಡಿದ. 1969ರ ಮೆಲೋಟ್ರಾನ್ (ಟೇಪ್ ನುಡಿಸುವ ಕೀಬೋರ್ಡ್) ಕ್ರಿಮ್ಸನ್ ಯಾಕೆ 1981ರಲ್ಲಿ ಹಾಗೆ ಬದಲಾಯಿತು ಎಂದು ತಲೆ ಕೆರೆದುಕೊಳ್ಳುವವರು ನಡುವಿನ ಈ ಆಲ್ಬಂ ಕೇಳಿರುವುದಿಲ್ಲ. ಎರಡನ್ನೂ ಒಂದೇ ಸಂಜೆ ಬೆನ್ನಿಗೆ ಬೆನ್ನು ಹಾಕಿ ಕೇಳಬೇಕು, ಮೊದಲು ಟಾಕಿಂಗ್ ಹೆಡ್ಸ್.

ಇಲ್ಲಿ ಸಲಕರಣೆಯ ಮಾತು ಬರುತ್ತದೆ, ಕೊಡಗಿನಲ್ಲಂತೂ ಬರಲೇಬೇಕು. ‘ಡಿಸಿಪ್ಲಿನ್’ನಲ್ಲಿ ಕ್ರಿಮ್ಸನ್‌ನ ಇನ್ನೊಬ್ಬ ಗಿಟಾರಿಸ್ಟ್ ರಾಬರ್ಟ್ ಫ್ರಿಪ್ ಮತ್ತು ಬಿಲ್ಯೂ ಒಂದೇ ಪದವನ್ನು ಒಟ್ಟಿಗೆ ಶುರುಮಾಡಿ, ಒಬ್ಬ ಒಂದು ಸ್ವರ ಬಿಟ್ಟು ಮೆಲ್ಲಗೆ ದೂರ ಸರಿದು, ಸುತ್ತಿ ಬಂದು ಮತ್ತೆ ಕೂಡುತ್ತಾರೆ. ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ. ಒಂಟಿ ಬ್ಲೂಟೂತ್ ಸ್ಪೀಕರಿನಲ್ಲಿ ಎಡ ಬಲ ಎರಡೂ ಒಂದಾಗಿ ಗಿಟಾರ್‌ಗಳು ಕಲಸಿಹೋಗುತ್ತವೆ, ಆಟವೇ ಕಾಣಿಸುವುದಿಲ್ಲ. ರೆಗ್ಗೆಗೂ ಕ್ಯಾನ್‌ಗೂ ಇನ್ನೊಂದು ತೊಂದರೆ: ಅಂಗೈಯಗಲದ ಸ್ಪೀಕರಿನಲ್ಲಿ ಎಂಬತ್ತು ಹರ್ಟ್ಸ್‌ನ ಕೆಳಗೆ ಏನೂ ಬರುವುದಿಲ್ಲವೆಂದೇ ಇಟ್ಟುಕೊಳ್ಳಿ, ಬಾಸ್‌ನ ಬುಡವೇ ಕತ್ತರಿಸಿದಂತೆ. ಅಂಥದ್ದೊಂದೇ ಇದ್ದರೆ ಟಿನಾರಿವೆನ್, ಪೊಲೀಸ್ ಹಾಕಿ. ಅವರ ಕೆಲಸ ಮಧ್ಯದ ಸ್ವರಗಳಲ್ಲಿ ನಡೆಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ಕೂತು ಟಾಕ್ ಟಾಕ್ ಬ್ಯಾಂಡ್‌ನ ‘ಸ್ಪಿರಿಟ್ ಆಫ್ ಈಡನ್’ (1988) ಹಚ್ಚಿದರೆ ಮೊದಲ ಎರಡು ನಿಮಿಷ ಮಳೆಯೇ ಹಾಡುತ್ತದೆ. ಆ ಆಲ್ಬಂನ ಜೀವ ಇರುವುದು ಮೌನದ ಅಂಚಿನಲ್ಲಿ. ಅದನ್ನು ಜನವರಿಗೆ ಇಟ್ಟುಕೊಳ್ಳಿ. ನಾಯ್ಸ್ ಕ್ಯಾನ್ಸಲಿಂಗ್ ಇದೆಯಲ್ಲ ಎನ್ನಬೇಡಿ. ಅದು ಬಸ್ಸಿನ ಇಂಜಿನ್ನಿನಂಥ ತಗ್ಗು ಗುಂಯ್‌ಗುಡುವಿಕೆಯನ್ನು ಚೆನ್ನಾಗಿ ಕಳೆಯುತ್ತದೆ. ಮಳೆಯ ‘ಶ್ಶ್’ ಎತ್ತರದ್ದು, ಅದನ್ನು ತಡೆಯುವುದು ಕಿವಿಗೆ ಗಟ್ಟಿಯಾಗಿ ಕೂರುವ ಮೆತ್ತೆ. ಮುಚ್ಚಿದ ಹೆಡ್‌ಫೋನ್, ಹರಿಯದ ಮೆತ್ತೆ, ಕನ್ನಡಕದ ಕಡ್ಡಿ ಸಂದು ಮಾಡದಂತೆ ಸ್ವಲ್ಪ ಮೇಲೆತ್ತಿದರೆ ಸಾಕು. ಹಿಂಬದಿ ತೆರೆದ ದುಬಾರಿ ಹೆಡ್‌ಫೋನ್ ಮಳೆಗಾಲದಲ್ಲಿ ದಂಡ. ಇನ್ನು ಕರೆಂಟ್ ಹೋದಾಗ ಆ್ಯಂಪ್‌ನಲ್ಲಿ ‘ಜುಂಯ್’ ಎಂದರೆ ಆ್ಯಂಪ್ ರಿಪೇರಿಗೆ ಒಯ್ಯಬೇಡಿ. ಅಗ್ಗದ ಇನ್ವರ್ಟರ್ ಕೊಡುವುದು ಚೌಕಾಕಾರದ ಅಲೆ, ಅದರ ಹರಿತ ಅಂಚುಗಳೇ ಸ್ಪೀಕರಿನಲ್ಲಿ ಕೇಳುವುದು. ಶುದ್ಧ ಸೈನ್ ವೇವ್ ಇನ್ವರ್ಟರ್‌ಗೆ ಬದಲಿಸಿದರೆ ಹೋಗುತ್ತದೆ.

ಎರಡೂ ಕಡೆಯ ರೀತಿಯಲ್ಲಿ ಕೊರತೆ ಇದೆ. ತ್ರಿಶೂರಿನಲ್ಲಿ ಮೇಳ ಮುಗಿದ ಮೇಲೆ ಮೂರನೇ ಕಾಲ ಬೇಗ ಎತ್ತಿದರೆಂದು ಚಹಾದಂಗಡಿಯಲ್ಲಿ ಒಂದು ಗಂಟೆ ಜಗಳ. ಸಂತೋಷಪಟ್ಟದ್ದನ್ನು ಒಪ್ಪಿಕೊಳ್ಳಲು ಜಿಪುಣತನ. ಕೊಡಗಿನಲ್ಲಿ ವಾಲಗ ಎಂದರೆ ಮದುವೆಯ ಗದ್ದಲ. ಹೆಚ್ಚಾಗಿ ಮೇದರು ನುಡಿಸುವ ಆ ತಂಡದ ಊರು ಯಾವುದು, ಊದುವವರು ಯಾರು ಎಂದು ಕುಣಿಯುವವರು ಕೇಳುವುದಿಲ್ಲ. ಕಿಂಗ್ ಕ್ರಿಮ್ಸನ್‌ನಲ್ಲಿ ಯಾವ ವರ್ಷ ಯಾರು ಡ್ರಮ್ಸ್ ನುಡಿಸಿದರು ಎಂದು ನಿದ್ದೆಯಲ್ಲೂ ಹೇಳುವವರೇ ಇವರು. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ವಿಮಾನಕ್ಕೆಂದು ಮಟ್ಟನ್ನೂರಿಗೆ ಹೋಗುವಾಗ, ಆ ಊರಿನ ಹೆಸರನ್ನೇ ಹೊತ್ತ, ತಾಯಂಬಕ ಎಂಬ ಚೆಂಡೆವಾದನದ ಶಂಕರನ್‌ಕುಟ್ಟಿ ಮಾರಾರ್ ಅಲ್ಲಿಯವರು ಎಂದಾದರೂ ನೆನೆಯಬಹುದು.

ಆದ್ದರಿಂದ ಪಟ್ಟಿಯ ಕೊನೆಯ ಬ್ಯಾಂಡ್ ಮುಂದಿನ ಮದುವೆಯಲ್ಲೇ ಸಿಗುತ್ತದೆ. ಊದುವವರ ಒಪ್ಪಿಗೆ ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ಫೋನಿನ ಮಾಮೂಲಿ ಆ್ಯಪ್ ಬೇಡ: ಪೆಟ್ಟು ಬಿದ್ದಾಗಲೆಲ್ಲ ಅದು ತಾನೇ ಸದ್ದು ಇಳಿಸಿ ಮತ್ತೆ ಏರಿಸುತ್ತದೆ, ವಾಲಗ ಏದುಸಿರು ಬಿಟ್ಟ ಹಾಗೆ ಕೇಳುತ್ತದೆ. ಗೇನ್ (ರೆಕಾರ್ಡ್ ಆಗುವ ಸದ್ದಿನ ಮಟ್ಟ) ಕೈಯಲ್ಲೇ ಇಡಬಹುದಾದ ಆ್ಯಪ್ ಹಾಕಿ, ಜೋರಾದ ಪೆಟ್ಟು ಮೈನಸ್ ಹನ್ನೆರಡು ಡೆಸಿಬಲ್ ದಾಟದಂತೆ ಇಳಿಸಿ. ಡೋಲಿನ ಎದುರು ನಿಲ್ಲಬೇಡಿ. ಹದಿನೈದು ಇಪ್ಪತ್ತು ಅಡಿ ದೂರ, ಊದುವವನ ಪಕ್ಕಕ್ಕೆ. ಮಂಟಪದೊಳಗೆ ಗೋಡೆಯ ಪ್ರತಿಧ್ವನಿಯಲ್ಲಿ ಆರು ಆರಾಗಿ ಉಳಿಯುವುದಿಲ್ಲ, ಅಂಗಳವೇ ಒಳ್ಳೆಯದು. ಹತ್ತು ನಿಮಿಷ ಸಾಕು. ಅದನ್ನು ಕ್ಯಾನ್‌ಗೂ ಟಿನಾರಿವೆನ್‌ಗೂ ನಡುವೆ ಇಟ್ಟು, ಹೆಡ್‌ಫೋನ್ ಹಾಕಿ, ಕುಣಿಯದೆ ಒಮ್ಮೆ ಕೇಳಿ. ಎರಡನೇ ಸಲ ಕೂತು ಕೇಳಲು ಕಾಲು ಬಿಡುವುದಿಲ್ಲ.